ಲೂಯಿಸ್ ಟರ್ಮನ್

ಲೂಯಿಸ್ ಮ್ಯಾಡಿಸನ್ ಟರ್ಮನ್ (ಜನವರಿ 15, 1877 – ಡಿಸೆಂಬರ್ 21, 1956) ಅವರು ಅಮೆರಿಕದ ಮನೋವಿಜ್ಞಾನಿ ಹಾಗೂ ಶಿಕ್ಷಣತಜ್ಞರು. ಫ್ರಾನ್ಸಿನ ಆಲ್ಫ್ರೆಡ್ ಬಿನೆ ಅವರು ರೂಪಿಸಿದ ಬುದ್ಧಿಶಕ್ತಿ ಪರೀಕ್ಷೆಯನ್ನು ಪರಿಷ್ಕರಿಸಿ, ಸ್ಟ್ಯಾನ್‌ಫೋರ್ಡ್–ಬಿನೆ ಮಾಪನವೆಂಬ ಹೆಸರಿನಲ್ಲಿ 1916ರಲ್ಲಿ ಪ್ರಕಟಿಸಿದವರು ಇವರೇ. ಬುದ್ಧಿಲಬ್ಧ ಎಂಬ ಅಂಕವು ಶಾಲೆಗಳಲ್ಲಿ ಮನೆಮಾತಾಗಲು ಮುಖ್ಯ ಕಾರಣರಾದವರೂ ಇವರೇ. ಸರಕಾರಿ ಶಾಲೆಗಳಲ್ಲಿ ಓದುವ ಮಕ್ಕಳ ಪೈಕಿ ಅಸಾಧಾರಣ ಪ್ರತಿಭೆಯುಳ್ಳವರನ್ನು ಹುಡುಕಿ, ಅವರ ಜೀವನವನ್ನು ದಶಕಗಳ ಕಾಲ ದಾಖಲಿಸಿದ ಮೊದಲ ದೊಡ್ಡ ಅಧ್ಯಯನವನ್ನು 1921ರಲ್ಲಿ ಆರಂಭಿಸಿದರು. ಪ್ರತಿಭಾವಂತ ಮಕ್ಕಳ ಶಿಕ್ಷಣ ಎಂಬ ಶಾಖೆಗೆ ಬುನಾದಿ ಹಾಕಿದವರೆಂದು ಇವರನ್ನು ಗೌರವಿಸಲಾಗುತ್ತದೆ. ಸುಜನನವಾದವನ್ನು ಬೆಂಬಲಿಸಿದ್ದಕ್ಕಾಗಿ ಹಾಗೂ ಜನಾಂಗಗಳ ಬಗ್ಗೆ ತಳೆದ ನಿಲುವುಗಳಿಗಾಗಿ ಅಷ್ಟೇ ಕಟುವಾದ ಟೀಕೆಗೂ ಇವರು ಗುರಿಯಾಗಿದ್ದಾರೆ.

ಜನನ ಮತ್ತು ಬಾಲ್ಯ

ಟರ್ಮನ್ ಅವರು ಅಮೆರಿಕದ ಇಂಡಿಯಾನಾ ರಾಜ್ಯದ ಜಾನ್ಸನ್ ಕೌಂಟಿಯ ಒಕ್ಕಲುತನದ ಕುಟುಂಬದಲ್ಲಿ ಜನಿಸಿದರು. ಹದಿನಾಲ್ಕು ಮಕ್ಕಳಲ್ಲಿ ಇವರು ಹನ್ನೆರಡನೆಯವರು. ಒಂದೇ ಕೋಣೆಯ ಹಳ್ಳಿಶಾಲೆಯಲ್ಲಿ ಇವರ ವಿದ್ಯಾಭ್ಯಾಸ ಆರಂಭವಾಯಿತು. ಎಲ್ಲ ತರಗತಿಯ ಮಕ್ಕಳೂ ಒಂದೇ ಸೂರಿನಡಿ ಕುಳಿತು ಒಬ್ಬರೇ ಶಿಕ್ಷಕರಿಂದ ಪಾಠ ಕೇಳುವ ಪದ್ಧತಿ ಅಲ್ಲಿತ್ತು. ಆಟಪಾಟಗಳಿಗಿಂತ ಓದಿನ ಕಡೆಗೆ ಒಲವಿದ್ದ ಬಾಲಕನಿಗೆ, ಒಬ್ಬ ಮಗು ಇನ್ನೊಂದು ಮಗುವಿಗಿಂತ ಹೇಗೆ ಭಿನ್ನ ಎಂಬ ಕುತೂಹಲ ಆಗಲೇ ಮೂಡಿತ್ತೆಂದು ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ.

ಇವರು ಚಿಕ್ಕವರಿದ್ದಾಗ ಪುಸ್ತಕ ಮಾರುವವನೊಬ್ಬ ಮನೆಗೆ ಬಂದಿದ್ದನು. ತಲೆಬುರುಡೆಯ ಆಕಾರ ನೋಡಿ ಗುಣಸ್ವಭಾವ ಹೇಳುವ ಕಪಾಲಶಾಸ್ತ್ರದಲ್ಲಿ ಅವನಿಗೆ ನಂಬಿಕೆ. ಮನೆಯವರೆಲ್ಲರ ತಲೆಯನ್ನು ಮುಟ್ಟಿ ನೋಡಿದ ಅವನು ಈ ಬಾಲಕನಿಗೆ ಒಳ್ಳೆಯ ಭವಿಷ್ಯವಿದೆಯೆಂದು ನುಡಿದನು. ಆ ಮಾತು ತಮ್ಮಲ್ಲಿ ಆತ್ಮವಿಶ್ವಾಸ ತುಂಬಿತೆಂದು ಟರ್ಮನ್ ಮುಂದೆ ನೆನೆಸಿಕೊಂಡಿದ್ದಾರೆ. ಕಪಾಲಶಾಸ್ತ್ರಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂಬುದು ಈಗ ಎಲ್ಲರೂ ಒಪ್ಪಿದ ಸಂಗತಿ.

ಶಿಕ್ಷಣ

ಹದಿನೈದನೆಯ ವಯಸ್ಸಿನಲ್ಲಿ ಟರ್ಮನ್ ಅವರು ಡ್ಯಾನ್‌ವಿಲ್ ಊರಿನ ಸೆಂಟ್ರಲ್ ನಾರ್ಮಲ್ ಕಾಲೇಜಿಗೆ ಸೇರಿದರು. ಅದು ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಯಾಗಿತ್ತು. ಹದಿನೇಳನೆಯ ವಯಸ್ಸಿಗೆ ಹಳ್ಳಿಯ ಶಾಲೆಯೊಂದರಲ್ಲಿ ಶಿಕ್ಷಕರಾದರು. ಕೆಲವು ಕಾಲ ಕಲಿಸುವುದು, ಕೂಡಿಟ್ಟ ಹಣದಲ್ಲಿ ಮತ್ತೆ ಕಾಲೇಜಿಗೆ ಹೋಗುವುದು, ಹೀಗೆ ಅವರ ಓದು ಸಾಗಿತು. ಮುಂದೆ ಪ್ರೌಢಶಾಲೆಯೊಂದರ ಮುಖ್ಯಾಧ್ಯಾಪಕರೂ ಆದರು. 1899ರಲ್ಲಿ ಶಿಕ್ಷಕಿಯಾಗಿದ್ದ ಆ್ಯನಾ ಬೆಲ್ ಮಿಂಟನ್ ಅವರನ್ನು ವಿವಾಹವಾದರು. ಫ್ರೆಡರಿಕ್ ಮತ್ತು ಹೆಲೆನ್ ಈ ದಂಪತಿಯ ಮಕ್ಕಳು.

ಈ ಅವಧಿಯಲ್ಲಿಯೇ ಅವರಿಗೆ ಕ್ಷಯರೋಗ ತಗಲಿತು. ಆರೋಗ್ಯದ ತೊಂದರೆಯ ನಡುವೆಯೂ 1901ರಿಂದ 1903ರವರೆಗೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದಿ ಸ್ನಾತಕ ಹಾಗೂ ಸ್ನಾತಕೋತ್ತರ ಪದವಿಗಳನ್ನು ಪಡೆದರು. ಅನಂತರ ಮ್ಯಾಸಚೂಸೆಟ್ಸ್ ರಾಜ್ಯದ ಕ್ಲಾರ್ಕ್ ವಿಶ್ವವಿದ್ಯಾಲಯವನ್ನು ಸೇರಿದರು. ಮಕ್ಕಳ ಮನೋವಿಜ್ಞಾನದಲ್ಲಿ ಆಗ ಅಗ್ರಗಣ್ಯರೆನಿಸಿದ್ದ ಸ್ಟ್ಯಾನ್ಲಿ ಹಾಲ್ ಅವರು ಅಲ್ಲಿದ್ದರು. ಆದರೆ ಮಾನಸಿಕ ಪರೀಕ್ಷೆಗಳಲ್ಲಿ ಹಾಲ್ ಅವರಿಗೆ ವಿಶ್ವಾಸವಿರಲಿಲ್ಲ. ಆದುದರಿಂದ ಟರ್ಮನ್ ಅವರು ಎಡ್ಮಂಡ್ ಸ್ಯಾನ್‌ಫರ್ಡ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಕೈಗೊಂಡರು. ಏಳು ಮಂದಿ ಜಾಣ ಹುಡುಗರು ಹಾಗೂ ಏಳು ಮಂದಿ ಮಂದಬುದ್ಧಿಯವರೆನಿಸಿದ ಹುಡುಗರನ್ನು ಹಲವು ಬಗೆಯ ಪ್ರಶ್ನೆಗಳಿಂದ ಪರೀಕ್ಷಿಸಿ ಹೋಲಿಸುವುದು ಅವರ ಪ್ರಬಂಧದ ವಿಷಯವಾಗಿತ್ತು. 1905ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. ಅದೇ ವರ್ಷ ಪ್ಯಾರಿಸಿನಲ್ಲಿ ಬಿನೆ ಅವರು ತಮ್ಮ ಮೊದಲ ಮಾಪನವನ್ನು ಪ್ರಕಟಿಸಿದರು.

ವೃತ್ತಿಜೀವನ

ಕ್ಷಯರೋಗಿಗಳಿಗೆ ಬೆಚ್ಚಗಿನ ಒಣ ಹವೆ ಒಳ್ಳೆಯದೆಂಬ ಕಾರಣದಿಂದ ಟರ್ಮನ್ ಅವರು 1905ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ತೆರಳಿ, ಸ್ಯಾನ್ ಬರ್ನಾರ್ಡಿನೋ ಪ್ರೌಢಶಾಲೆಯ ಮುಖ್ಯಸ್ಥರಾದರು. ಮರುವರ್ಷ ಲಾಸ್ ಏಂಜಲೀಸಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1910ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗಕ್ಕೆ ಬಂದರು. 1922ರಿಂದ 1942ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದರು. 1923ರಲ್ಲಿ ಅಮೆರಿಕನ್ ಮನೋವೈಜ್ಞಾನಿಕ ಸಂಘದ ಅಧ್ಯಕ್ಷರಾಗಿದ್ದರು. 1928ರಲ್ಲಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆಯಿತು.

ಸ್ಟ್ಯಾನ್‌ಫೋರ್ಡ್–ಬಿನೆ ಮಾಪನ

ಶಾಲೆಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ನೆರವು ನೀಡುವ ಸಲುವಾಗಿ ಬಿನೆ ಮತ್ತು ಥಿಯೋಡೋರ್ ಸಿಮೋನ್ ಅವರು 1905ರಲ್ಲಿ ಪರೀಕ್ಷೆಯೊಂದನ್ನು ಸಿದ್ಧಪಡಿಸಿದ್ದರು. 1908 ಮತ್ತು 1911ರಲ್ಲಿ ಅದನ್ನು ತಿದ್ದಿದರು. ಮಗುವಿನ ಬುದ್ಧಿಶಕ್ತಿ ಬದಲಾಗದ ವಸ್ತುವೆಂದು ಬಿನೆ ಭಾವಿಸಿರಲಿಲ್ಲ. ತಕ್ಕ ತರಬೇತಿಯಿಂದ ಅದು ಬೆಳೆಯಬಲ್ಲದೆಂಬುದು ಅವರ ಅಭಿಪ್ರಾಯವಾಗಿತ್ತು. ಫ್ರೆಂಚ್ ಮಕ್ಕಳಿಗಾಗಿ ಹೆಣೆದ ಪ್ರಶ್ನೆಗಳನ್ನು ಹಾಗೆಯೇ ಬಳಸಿದಾಗ ಅಮೆರಿಕದ ಚಿಕ್ಕ ಮಕ್ಕಳಿಗೆ ಅವು ತೀರ ಸುಲಭವಾಗಿಯೂ ದೊಡ್ಡ ಮಕ್ಕಳಿಗೆ ತೀರ ಕಠಿಣವಾಗಿಯೂ ಕಂಡುಬಂದವು.

ಟರ್ಮನ್ ಅವರು ಕೆಲವು ಪ್ರಶ್ನೆಗಳನ್ನು ಬೇರೆ ವಯಸ್ಸಿಗೆ ಸರಿಸಿದರು, ಕೆಲವನ್ನು ತೆಗೆದರು, ಹೊಸತನ್ನು ಸೇರಿಸಿದರು. ಹೀಗೆ ಪ್ರಶ್ನೆಗಳ ಸಂಖ್ಯೆ 54ರಿಂದ 90ಕ್ಕೆ ಏರಿತು. ಸುಮಾರು 1000 ಮಕ್ಕಳ ಮೇಲೆ ಪ್ರಯೋಗಿಸಿ ಪ್ರತಿ ವಯಸ್ಸಿನ ಸರಾಸರಿಯನ್ನು ನಿಗದಿಪಡಿಸಿದರು. 1916ರಲ್ಲಿ ಪ್ರಕಟವಾದ ‘ದಿ ಮೆಷರ್‌ಮೆಂಟ್ ಆಫ್ ಇಂಟೆಲಿಜೆನ್ಸ್’ ಗ್ರಂಥದಲ್ಲಿ ಈ ಮಾಪನದ ವಿವರಗಳಿವೆ.

ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಕ್ರಮವನ್ನು 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಸೂಚಿಸಿದ್ದರು. ಬಂದ ಭಾಗಲಬ್ಧವನ್ನು 100ರಿಂದ ಗುಣಿಸಿ ದಶಮಾಂಶವನ್ನು ಕೈಬಿಡುವ ರೂಢಿಯನ್ನು ಟರ್ಮನ್ ತಂದರು. ಉದಾಹರಣೆಗೆ, 8 ವರ್ಷದ ಮಗು 10 ವರ್ಷದ ಮಕ್ಕಳು ಸಾಮಾನ್ಯವಾಗಿ ಬಿಡಿಸುವ ಪ್ರಶ್ನೆಗಳನ್ನು ಬಿಡಿಸಿದರೆ ಅದರ ಬುದ್ಧಿಲಬ್ಧ 10ನ್ನು 8ರಿಂದ ಭಾಗಿಸಿ 100ರಿಂದ ಗುಣಿಸಿದಾಗ ಬರುವ 125. ಅದೇ ಮಗು 8 ವರ್ಷದವರ ಮಟ್ಟದಲ್ಲಿಯೇ ಇದ್ದರೆ 100. ಲೆಕ್ಕ ಸರಳವಾಗಿದ್ದುದರಿಂದ ಶಿಕ್ಷಕರಿಗೂ ಪಾಲಕರಿಗೂ ಇದು ಬೇಗ ಅರ್ಥವಾಯಿತು. ಆದರೆ ವಯಸ್ಕರಿಗೆ ಈ ಸೂತ್ರ ಹೊಂದುವುದಿಲ್ಲ. ವಯಸ್ಸು ಏರಿದಂತೆ ಭಾಜಕ ಬೆಳೆಯುತ್ತ ಹೋಗುತ್ತದೆ, ಮಾನಸಿಕ ವಯಸ್ಸು ಹಾಗೆ ಬೆಳೆಯುವುದಿಲ್ಲ. ಆದುದರಿಂದ ಈಗಿನ ಪರೀಕ್ಷೆಗಳು ಭಾಗಾಕಾರವನ್ನು ಬಿಟ್ಟು, ಅದೇ ವಯಸ್ಸಿನವರ ಸರಾಸರಿಯಿಂದ ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಆಧರಿಸಿ ಅಂಕ ನೀಡುತ್ತವೆ.

ಮಾಡ್ ಮೆರಿಲ್ ಅವರ ಸಹಯೋಗದಲ್ಲಿ ಈ ಮಾಪನದ ಎರಡನೆಯ ಪರಿಷ್ಕರಣೆ 1937ರಲ್ಲಿ ಹೊರಬಂದಿತು. ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ ಇದನ್ನು ಪ್ರಮಾಣೀಕರಿಸಲಾಗಿತ್ತು.

ಸಮೂಹ ಪರೀಕ್ಷೆಗಳು

ಸ್ಟ್ಯಾನ್‌ಫೋರ್ಡ್–ಬಿನೆ ಪರೀಕ್ಷೆಯನ್ನು ಒಮ್ಮೆಗೆ ಒಂದು ಮಗುವಿಗೆ ಮಾತ್ರ ಕೊಡಬಹುದಾಗಿತ್ತು. ಪರೀಕ್ಷಕರು ಎದುರು ಕುಳಿತು ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳಬೇಕು. 1917ರಲ್ಲಿ ಅಮೆರಿಕವು ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ರಾಬರ್ಟ್ ಯರ್ಕ್ಸ್ ಅವರ ನೇತೃತ್ವದ ಸಮಿತಿ ಸೈನಿಕರಿಗಾಗಿ ಸಮೂಹ ಪರೀಕ್ಷೆಗಳನ್ನು ರೂಪಿಸಿತು. ಟರ್ಮನ್ ಅವರೂ ಆ ಸಮಿತಿಯಲ್ಲಿದ್ದರು. ಓದು ಬಲ್ಲವರಿಗೆ ಆಲ್ಫಾ, ಓದು ಬಾರದವರಿಗೆ ಚಿತ್ರಗಳಿಂದ ಕೂಡಿದ ಬೀಟಾ ಎಂಬ ಎರಡು ಪರೀಕ್ಷೆಗಳಿದ್ದವು. ಸುಮಾರು 17 ಲಕ್ಷ ಮಂದಿಗೆ ಇವುಗಳನ್ನು ನೀಡಲಾಯಿತು.

ಯುದ್ಧ ಮುಗಿದ ಮೇಲೆ ಇದೇ ಮಾದರಿಯನ್ನು ಶಾಲೆಗಳಿಗೆ ತರಲಾಯಿತು. ಟ್ರೂಮನ್ ಕೆಲ್ಲಿ ಮತ್ತು ಗೈಲ್ಸ್ ರಚ್ ಅವರೊಂದಿಗೆ ಸೇರಿ 1923ರಲ್ಲಿ ಟರ್ಮನ್ ಅವರು ಸ್ಟ್ಯಾನ್‌ಫೋರ್ಡ್ ಸಾಧನಾ ಪರೀಕ್ಷೆಯನ್ನು ಹೊರತಂದರು. ಮಕ್ಕಳನ್ನು ಅಂಕಗಳ ಆಧಾರದ ಮೇಲೆ ಐದು ಗುಂಪುಗಳಾಗಿ ವಿಂಗಡಿಸಿ ಬೇರೆ ಬೇರೆ ಪಠ್ಯಕ್ರಮ ನೀಡಬೇಕೆಂಬುದು ಅವರ ಸಲಹೆಯಾಗಿತ್ತು. ಚಿಕ್ಕ ವಯಸ್ಸಿನಲ್ಲಿಯೇ ಹೀಗೆ ಬೇರ್ಪಡಿಸಿದರೆ ಕೆಳಗಿನ ಗುಂಪಿಗೆ ಬಿದ್ದ ಮಗು ಮತ್ತೆ ಮೇಲೇಳುವುದು ಕಷ್ಟವೆಂಬ ಆಕ್ಷೇಪವೂ ಆಗಲೇ ಕೇಳಿಬಂದಿತು. ಪತ್ರಕರ್ತ ವಾಲ್ಟರ್ ಲಿಪ್‌ಮನ್ ಅವರು 1922ರಲ್ಲಿ ‘ದಿ ನ್ಯೂ ರಿಪಬ್ಲಿಕ್’ ಪತ್ರಿಕೆಯಲ್ಲಿ ಲೇಖನಮಾಲೆ ಬರೆದು, ಬುದ್ಧಿಶಕ್ತಿ ಎಂದರೇನೆಂದು ಸ್ಪಷ್ಟಪಡಿಸದೆ ಅದನ್ನು ಅಳೆದೆವೆಂದು ಹೇಳಿಕೊಳ್ಳುವುದನ್ನು ಪ್ರಶ್ನಿಸಿದರು. ಟರ್ಮನ್ ಅವರು ಅದೇ ಪತ್ರಿಕೆಯಲ್ಲಿ ವ್ಯಂಗ್ಯಭರಿತ ಉತ್ತರ ನೀಡಿದರು. ಲಿಪ್‌ಮನ್ ಎತ್ತಿದ ಮೂಲ ಪ್ರಶ್ನೆಗೆ ಅದರಲ್ಲಿ ಸಮರ್ಪಕ ಸಮಾಧಾನ ಇರಲಿಲ್ಲವೆಂದು ಅನೇಕ ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ.

ಪ್ರತಿಭಾವಂತ ಮಕ್ಕಳ ಅಧ್ಯಯನ

ಅತಿ ಜಾಣ ಮಕ್ಕಳು ದೈಹಿಕವಾಗಿ ದುರ್ಬಲರು, ಒಂಟಿ ಸ್ವಭಾವದವರು, ಬೇಗ ಅರಳಿ ಬೇಗ ಬಾಡುವವರು ಎಂಬ ನಂಬಿಕೆ ಆ ಕಾಲದಲ್ಲಿ ವ್ಯಾಪಕವಾಗಿತ್ತು. ಇದನ್ನು ಪರೀಕ್ಷಿಸಬೇಕೆಂದು ಟರ್ಮನ್ ಅವರು 1921ರಲ್ಲಿ ಕಾಮನ್‌ವೆಲ್ತ್ ಫಂಡ್ ಎಂಬ ಸಂಸ್ಥೆಯ ಧನಸಹಾಯದಿಂದ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಹುಡುಕಾಟ ಆರಂಭಿಸಿದರು. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ, ಓಕ್‌ಲ್ಯಾಂಡ್, ಬರ್ಕ್ಲಿ, ಅಲಮೀಡಾ ನಗರಗಳು ಇದರ ಮುಖ್ಯ ಕ್ಷೇತ್ರಗಳಾಗಿದ್ದವು.

ಆಯ್ಕೆಯ ವಿಧಾನ

ಎಲ್ಲ ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಪರೀಕ್ಷಿಸಲು ಹಣವೂ ಸಮಯವೂ ಸಾಲುತ್ತಿರಲಿಲ್ಲ. ಆದುದರಿಂದ ಆಯ್ಕೆ ಮೂರು ಹಂತಗಳಲ್ಲಿ ನಡೆಯಿತು. ಮೊದಲ ಹಂತದಲ್ಲಿ ಪ್ರತಿ ತರಗತಿಯ ಶಿಕ್ಷಕರು ತಮ್ಮ ದೃಷ್ಟಿಯಲ್ಲಿ ಅತ್ಯಂತ ಜಾಣನಾದ ಮಗು, ಎರಡನೆಯ ಜಾಣ, ಮೂರನೆಯ ಜಾಣ ಹಾಗೂ ತರಗತಿಯಲ್ಲಿ ವಯಸ್ಸಿನಿಂದ ಅತ್ಯಂತ ಚಿಕ್ಕ ಮಗು ಯಾರೆಂಬುದನ್ನು ಬರೆದುಕೊಡಬೇಕಿತ್ತು. ಹೀಗೆ ಸೂಚಿತರಾದವರಿಗೆ ಎರಡನೆಯ ಹಂತದಲ್ಲಿ ಸಮೂಹ ಪರೀಕ್ಷೆ ನಡೆಯಿತು. ಅದರಲ್ಲಿ ಮೇಲ್ಮಟ್ಟದಲ್ಲಿದ್ದವರಿಗೆ ಮೂರನೆಯ ಹಂತದಲ್ಲಿ ಸ್ಟ್ಯಾನ್‌ಫೋರ್ಡ್–ಬಿನೆ ಪರೀಕ್ಷೆ ನೀಡಲಾಯಿತು. ಬುದ್ಧಿಲಬ್ಧ 140 ಅಥವಾ ಅದಕ್ಕಿಂತ ಹೆಚ್ಚು ಇರಬೇಕೆಂಬುದು ಸಾಮಾನ್ಯ ನಿಯಮ. ಕೆಲವರ ವಿಷಯದಲ್ಲಿ 135ರವರೆಗೆ ಸಡಿಲಿಸಲಾಯಿತು. ಮುಂದಿನ ವರ್ಷಗಳಲ್ಲಿ ಸೇರಿದವರನ್ನೂ ಕೂಡಿಸಿದರೆ ಒಟ್ಟು 1528 ಮಂದಿ ಈ ಅಧ್ಯಯನದ ಭಾಗವಾದರು. ಬಾಲಕರ ಸಂಖ್ಯೆ ಬಾಲಕಿಯರಿಗಿಂತ ಹೆಚ್ಚಾಗಿತ್ತು.

ಈ ಹುಡುಕಾಟದಲ್ಲಿ ಕಂಡುಬಂದ ಒಂದು ಸಂಗತಿ ಶಿಕ್ಷಕವೃತ್ತಿಯವರ ಗಮನಕ್ಕೆ ವಿಶೇಷವಾಗಿ ಬರಬೇಕಾದುದು. ಶಿಕ್ಷಕರು ಅತ್ಯಂತ ಜಾಣನೆಂದು ಮೊದಲ ಸ್ಥಾನದಲ್ಲಿ ಹೆಸರಿಸಿದ ಮಕ್ಕಳಿಗಿಂತ, ಕೇವಲ ತರಗತಿಯಲ್ಲಿ ಅತ್ಯಂತ ಚಿಕ್ಕವರೆಂಬ ಕಾರಣದಿಂದ ಹೆಸರಿಸಿದ ಮಕ್ಕಳ ಪೈಕಿ ಹೆಚ್ಚಿನವರು ಅರ್ಹರಾದರು. ಶಿಕ್ಷಕರು ಒಂದೇ ತರಗತಿಯ ಮಕ್ಕಳನ್ನು ಹೋಲಿಸುವಾಗ ವಯಸ್ಸಿನ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಳ್ಳದಿರುವುದೇ ಇದಕ್ಕೆ ಕಾರಣ. ಹನ್ನೆರಡು ವರ್ಷದ ಮಗು ಮತ್ತು ಹತ್ತು ವರ್ಷದ ಮಗು ಒಂದೇ ಪಾಠವನ್ನು ಸಮನಾಗಿ ಓದಿದರೆ ಇಬ್ಬರೂ ಸಮಾನ ಜಾಣರೆಂದು ಕಾಣುತ್ತಾರೆ. ನಿಜದಲ್ಲಿ ಚಿಕ್ಕ ಮಗು ಎರಡು ವರ್ಷ ಮುಂದಿರುತ್ತದೆ. ತರಗತಿಯ ಜಾಣ ಮಗುವನ್ನು ತಿಳಿಯಬೇಕಾದರೆ ಶಿಕ್ಷಕರ ಅಭಿಪ್ರಾಯಕ್ಕಿಂತ ಹಾಜರಿ ಪುಸ್ತಕದಲ್ಲಿಯ ಜನ್ಮದಿನಾಂಕವೇ ಹೆಚ್ಚು ನಂಬಲರ್ಹವೆಂಬ ತೀರ್ಮಾನಕ್ಕೆ ಟರ್ಮನ್ ಬಂದರು. ಜನ್ಮದಿನಾಂಕ ನಿಖರವಾಗಿ ದಾಖಲಾಗಿರುವ ಕಡೆ ಮಾತ್ರ ಈ ಉಪಾಯ ಫಲಿಸುತ್ತದೆ. ಶಾಲೆಗೆ ಸೇರಿಸುವ ದಿನ ಅಂದಾಜಿನ ಮೇಲೆ ಜೂನ್ 1 ಎಂದು ಬರೆಸುವ ರೂಢಿಯಿದ್ದ ನಮ್ಮ ಹಳ್ಳಿಗಳ ಹಳೆಯ ದಾಖಲಾತಿ ಪುಸ್ತಕಗಳಿಂದ ಇಂತಹ ಲೆಕ್ಕ ಹೊರಡುವುದಿಲ್ಲ.

ಫಲಿತಾಂಶಗಳು

ಅಧ್ಯಯನದ ಮೊದಲ ಸಂಪುಟ 1925ರಲ್ಲಿ ಪ್ರಕಟವಾಯಿತು. ಆಯ್ಕೆಯಾದ ಮಕ್ಕಳು ಎತ್ತರ, ಆರೋಗ್ಯ, ಸ್ನೇಹಸ್ವಭಾವಗಳಲ್ಲಿ ಸಾಮಾನ್ಯ ಮಕ್ಕಳಿಗೆ ಸಮನಾಗಿ ಅಥವಾ ತುಸು ಮೇಲಾಗಿ ಇದ್ದರು. ಜಾಣ ಮಕ್ಕಳು ದುರ್ಬಲರೆಂಬ ನಂಬಿಕೆಗೆ ಇದರಿಂದ ದೊಡ್ಡ ಪೆಟ್ಟು ಬಿದ್ದಿತು. ಮುಂದೆ ಇವರಲ್ಲಿ ಸುಮಾರು ಮೂರನೆಯ ಎರಡು ಭಾಗ ಮಂದಿ ಕಾಲೇಜು ಪದವೀಧರರಾದರು. ಆ ಪೀಳಿಗೆಯ ಸಾಮಾನ್ಯ ಪ್ರಮಾಣಕ್ಕೆ ಹೋಲಿಸಿದರೆ ಇದು ಬಹಳ ಹೆಚ್ಚು. ಪೋಷಣಶಾಸ್ತ್ರಜ್ಞ ಆ್ಯನ್ಸೆಲ್ ಕೀಸ್ ಹಾಗೂ ಮನೋವಿಜ್ಞಾನಿಗಳಾದ ರಾಬರ್ಟ್ ಸಿಯರ್ಸ್, ಲೀ ಕ್ರಾನ್‌ಬ್ಯಾಕ್ ಈ ಗುಂಪಿನವರೇ. ಟರ್ಮನ್ ಅವರ ನಂತರ ಅಧ್ಯಯನವನ್ನು ಮುಂದುವರಿಸಿದವರಲ್ಲಿ ಸಿಯರ್ಸ್ ಪ್ರಮುಖರು.

1940ರ ಮಾಹಿತಿಯನ್ನು ಆಧರಿಸಿ, ಜೀವನದಲ್ಲಿ ಹೆಚ್ಚು ಯಶಸ್ಸು ಗಳಿಸಿದ 150 ಪುರುಷರನ್ನೂ ಅತಿ ಕಡಿಮೆ ಯಶಸ್ಸು ಗಳಿಸಿದ 150 ಪುರುಷರನ್ನೂ ಹೋಲಿಸಲಾಯಿತು. ಎರಡೂ ಗುಂಪಿನವರ ಬುದ್ಧಿಲಬ್ಧದಲ್ಲಿ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಹಿಡಿದ ಕೆಲಸವನ್ನು ಬಿಡದೆ ಮಾಡುವ ಛಲ, ಆತ್ಮವಿಶ್ವಾಸ, ಗುರಿಯ ಸ್ಪಷ್ಟತೆ, ತಂದೆತಾಯಿಯರ ಶಿಕ್ಷಣ ಹಾಗೂ ಮನೆಯ ವಾತಾವರಣ ಇವುಗಳಲ್ಲಿ ಅಂತರ ಕಂಡಿತು. ಬುದ್ಧಿಶಕ್ತಿಯೊಂದೇ ಸಾಧನೆಯನ್ನು ನಿರ್ಧರಿಸುವುದಿಲ್ಲವೆಂದು ಟರ್ಮನ್ ಅವರೇ ಒಪ್ಪಿದರು. ಬುದ್ಧಿಲಬ್ಧವು ಬಹುಪಾಲು ಅನುವಂಶೀಯವೆಂದೂ ಅದು ಮನುಷ್ಯನ ಭವಿಷ್ಯಕ್ಕೆ ಕೀಲಿಕೈಯೆಂದೂ ನಂಬಿ ಕೆಲಸ ಆರಂಭಿಸಿದವರಿಗೆ ಇದು ಸಣ್ಣ ಬದಲಾವಣೆಯಲ್ಲ.

ಮಹಿಳೆಯರ ಸ್ಥಿತಿ ಬೇರೆಯಾಗಿತ್ತು. ಕಾಲೇಜು ಮುಗಿಸಿದವರ ಪ್ರಮಾಣ ಪುರುಷರಿಗೆ ಹೆಚ್ಚುಕಡಿಮೆ ಸಮನಾಗಿದ್ದರೂ, ಅವರಲ್ಲಿ ಬಹಳ ಮಂದಿ ಗೃಹಿಣಿಯರಾಗಿಯೇ ಉಳಿದರು. ಹೊರಗೆ ದುಡಿದವರಲ್ಲಿ ಹಲವರು ಶಾಲಾ ಶಿಕ್ಷಕಿಯರು ಅಥವಾ ಕಚೇರಿಯ ಸಹಾಯಕಿಯರಾದರು. ಇದಕ್ಕೆ ಸಾಮರ್ಥ್ಯದ ಕೊರತೆ ಕಾರಣವಾಗಿರಲಿಲ್ಲ, ಅವಕಾಶದ ಕೊರತೆಯೇ ಕಾರಣವೆಂಬುದನ್ನು ಈ ದಾಖಲೆಗಳು ತೋರಿಸುತ್ತವೆ.

ಅಧ್ಯಯನದ ಮಿತಿಗಳು

ಈ ಹುಡುಕಾಟದ ಜಾಲದಿಂದ ತಪ್ಪಿಸಿಕೊಂಡವರ ಪೈಕಿ ಇಬ್ಬರ ಹೆಸರನ್ನು ಯಾವಾಗಲೂ ಉಲ್ಲೇಖಿಸಲಾಗುತ್ತದೆ. ಬಾಲಕರಾಗಿದ್ದಾಗ ಪರೀಕ್ಷೆಗೊಳಪಟ್ಟು ನಿಗದಿತ ಅಂಕ ಬಾರದೆ ಹೊರಗುಳಿದ ವಿಲಿಯಂ ಶಾಕ್ಲಿ ಹಾಗೂ ಲೂಯಿಸ್ ಆಲ್ವರೆಜ್ ಮುಂದೆ ಕ್ರಮವಾಗಿ 1956 ಮತ್ತು 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಪಡೆದರು. ಆಯ್ಕೆಯಾದವರಲ್ಲಿ ಯಾರಿಗೂ ನೊಬೆಲ್ ಪ್ರಶಸ್ತಿ ಬರಲಿಲ್ಲ.

ಆಯ್ಕೆಯಾದವರಲ್ಲಿ ಬಹುಪಾಲು ನಗರವಾಸಿ, ಮಧ್ಯಮವರ್ಗದ ಬಿಳಿಯ ಕುಟುಂಬಗಳ ಮಕ್ಕಳು. ಬಡವರು, ವಲಸಿಗರು, ಕಪ್ಪುವರ್ಣೀಯರು ಮತ್ತು ಮೆಕ್ಸಿಕನ್ ಮೂಲದವರು ಅತಿ ವಿರಳ. ಶಿಕ್ಷಕರ ಕಣ್ಣಿಗೆ ಬೀಳದ ಮಗು ಎರಡನೆಯ ಹಂತಕ್ಕೇ ಬರುತ್ತಿರಲಿಲ್ಲ. ಜೊತೆಗೆ ಟರ್ಮನ್ ಅವರು ಈ ಮಕ್ಕಳ ಮೇಲಿನ ಮಮತೆಯಿಂದ ಶಿಫಾರಸು ಪತ್ರ ಬರೆದುಕೊಟ್ಟು ಹಲವರಿಗೆ ನೆರವಾದರು. ಮನುಷ್ಯರಾಗಿ ಇದು ಮೆಚ್ಚತಕ್ಕ ಗುಣವಾದರೂ, ಯಶಸ್ಸಿನಲ್ಲಿ ಮಗುವಿನ ಪಾಲೆಷ್ಟು, ಸಂಶೋಧಕರ ಪಾಲೆಷ್ಟು ಎಂದು ಬೇರ್ಪಡಿಸುವುದು ಇದರಿಂದ ಕಷ್ಟವಾಯಿತು.

ಪ್ರತಿಭಾವಂತರ ಎಣಿಕೆ

ಒಂದು ನಾಡಿನ ಶಾಲೆಗಳಲ್ಲಿ ಪ್ರತಿಭಾವಂತರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಉತ್ತರವು ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎಂಬುದನ್ನು ಅವಲಂಬಿಸಿದೆ. ಸರಾಸರಿ 100 ಹಾಗೂ ಮಾನಕ ವಿಚಲನೆ 15 ಎಂದು ಇಟ್ಟುಕೊಂಡರೆ 10,000 ಮಕ್ಕಳಲ್ಲಿ 130ರ ಮೇಲೆ ಸುಮಾರು 228 ಮಂದಿ, 140ರ ಮೇಲೆ ಸುಮಾರು 38 ಮಂದಿ, 145ರ ಮೇಲೆ ಸುಮಾರು 13 ಮಂದಿ ಬರುತ್ತಾರೆ. ಗೆರೆ 10 ಅಂಕ ಸರಿದರೆ ಎಣಿಕೆ ಆರು ಪಟ್ಟು ಬದಲಾಗುತ್ತದೆ. ಮಕ್ಕಳು ಮಾತ್ರ ಅವರೇ ಇರುತ್ತಾರೆ.

ಅಮೆರಿಕದಲ್ಲಿ 1972ರ ಮಾರ್ಲ್ಯಾಂಡ್ ವರದಿಯು ಶಾಲಾಮಕ್ಕಳಲ್ಲಿ ಕನಿಷ್ಠ ಶೇ. 3ರಿಂದ 5ರಷ್ಟು ಮಂದಿಯನ್ನು ಪ್ರತಿಭಾವಂತರೆಂದು ಪರಿಗಣಿಸಬಹುದೆಂದಿತು. ಬುದ್ಧಿಶಕ್ತಿಯ ಜೊತೆಗೆ ಸೃಜನಶೀಲತೆ, ನಾಯಕತ್ವ, ಕಲೆ ಮುಂತಾದವುಗಳನ್ನೂ ಅದು ಸೇರಿಸಿತು. 2013–14ರ ಶಾಲಾ ಗಣತಿಯ ಪ್ರಕಾರ ಆ ದೇಶದ ಸರಕಾರಿ ಶಾಲೆಗಳಲ್ಲಿ ಸುಮಾರು 33 ಲಕ್ಷ ಮಕ್ಕಳು, ಅಂದರೆ ಶೇ. 6.7ರಷ್ಟು ಮಂದಿ, ಪ್ರತಿಭಾವಂತರ ಕಾರ್ಯಕ್ರಮಗಳಲ್ಲಿದ್ದರು. ರಾಜ್ಯದಿಂದ ರಾಜ್ಯಕ್ಕೆ ಈ ಪ್ರಮಾಣದಲ್ಲಿ ಅಗಾಧ ವ್ಯತ್ಯಾಸವಿದೆ. ಕೆಲವು ರಾಜ್ಯಗಳ ಮಕ್ಕಳು ಹೆಚ್ಚು ಜಾಣರೆಂದು ಇದರ ಅರ್ಥವಲ್ಲ. ಗುರುತಿಸುವ ನಿಯಮ ಮತ್ತು ಹಣದ ಒದಗಣೆ ಬೇರೆ ಬೇರೆಯಾಗಿವೆ. ಫ್ಲೋರಿಡಾದ ಬ್ರೊವಾರ್ಡ್ ಕೌಂಟಿಯಲ್ಲಿ ಶಿಕ್ಷಕರ ಹಾಗೂ ಪಾಲಕರ ಸೂಚನೆಗೆ ಕಾಯದೆ ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಪ್ರಾಥಮಿಕ ಪರೀಕ್ಷೆ ನೀಡಿದಾಗ, ಬಡ ಹಾಗೂ ಅಲ್ಪಸಂಖ್ಯಾತ ಕುಟುಂಬಗಳಿಂದ ಆಯ್ಕೆಯಾದವರ ಸಂಖ್ಯೆ ಗಣನೀಯವಾಗಿ ಏರಿತು. ಟರ್ಮನ್ ಅವರ ಮೊದಲ ಹಂತದಲ್ಲಿದ್ದ ದೋಷ ಎಷ್ಟು ದೊಡ್ಡದೆಂಬುದನ್ನು ಇದು ಎಂಬತ್ತಕ್ಕೂ ಹೆಚ್ಚು ವರ್ಷಗಳ ನಂತರ ತೋರಿಸಿಕೊಟ್ಟಿತು.

ಕರ್ನಾಟಕದೊಂದಿಗಿನ ಸಂಬಂಧ

ಟರ್ಮನ್ ಅವರು ಭಾರತದಲ್ಲಿ ಕೆಲಸ ಮಾಡಿದವರಲ್ಲ. ಆದರೆ ಅವರ ಮಾಪನ ಕನ್ನಡ ನಾಡನ್ನು ಬಹುಬೇಗ ತಲುಪಿತು. 1916ರ ಸ್ಟ್ಯಾನ್‌ಫೋರ್ಡ್ ಪರಿಷ್ಕರಣೆಯನ್ನು ಆಧಾರವಾಗಿಟ್ಟುಕೊಂಡು ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಧಾರವಾಡ ಭಾಗದಲ್ಲಿ ಮಾಪನವೊಂದನ್ನು ಪ್ರಮಾಣೀಕರಿಸಿದರು. ಇದರ ಬಗ್ಗೆ 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬರೆದರು. 1940ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಮೂಲಕ ‘ಮೆಷರಿಂಗ್ ಇಂಟೆಲಿಜೆನ್ಸ್ ಆಫ್ ಇಂಡಿಯನ್ ಚಿಲ್ಡ್ರನ್’ ಎಂಬ ಗ್ರಂಥ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ಹೆಸರಾದ ಈ ಮಾಪನ ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದೆ. ಬೌದ್ಧಿಕ ಅಸಾಮರ್ಥ್ಯವುಳ್ಳವರನ್ನು ಗುರುತಿಸಲು ಇದನ್ನು ವಿಶೇಷವಾಗಿ ಉಪಯೋಗಿಸಲಾಗುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಆರಂಭವಾದ ಮನೋವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥ, ಮೈಸೂರಿನ ಆಕಾಶವಾಣಿಯ ಸ್ಥಾಪಕರೂ ಆದ ಎಂ. ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರಲ್ಲಿ ತರಬೇತಿ ಪಡೆದವರು.

ಕಾಮತ್ ಅವರು ಎರಡು ಭಾಷೆಗಳನ್ನು ಆರಿಸಿಕೊಂಡುದು ಅರ್ಥಪೂರ್ಣವಾಗಿತ್ತು. ಅಥಣಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ ತಾಲೂಕುಗಳಂತಹ ಗಡಿಭಾಗದಲ್ಲಿ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ಮಕ್ಕಳು ಸಾಕಷ್ಟು ಮಂದಿ. ಸತ್ತಿಯಂತಹ ಹಳ್ಳಿಯ ಮಗುವಿಗೆ ಪಟ್ಟಣದ ಗ್ರಂಥಭಾಷೆಯಲ್ಲಿ ಪ್ರಶ್ನೆ ಕೇಳಿದರೆ ಅದು ಬುದ್ಧಿಯ ಪರೀಕ್ಷೆಯಾಗದೆ ಭಾಷೆಯ ಪರೀಕ್ಷೆಯಾಗುವ ಸಂಭವವಿದೆ. ಫ್ರೆಂಚ್ ಪ್ರಶ್ನೆಗಳು ಅಮೆರಿಕದ ಮಕ್ಕಳಿಗೆ ಹೊಂದಲಿಲ್ಲವೆಂದು ತಿದ್ದಲು ಹೊರಟ ಟರ್ಮನ್ ಅವರು, ಅಮೆರಿಕದಲ್ಲಿಯೇ ಇಂಗ್ಲಿಷ್ ಮನೆಮಾತಲ್ಲದ ಮಕ್ಕಳ ವಿಷಯದಲ್ಲಿ ಈ ಎಚ್ಚರವನ್ನು ಪಾಲಿಸಲಿಲ್ಲ.

ಭಾರತದಲ್ಲಿ ಪ್ರತಿಭಾವಂತರ ಆಯ್ಕೆಯು ಹೆಚ್ಚಾಗಿ ಸ್ಪರ್ಧಾತ್ಮಕ ಪರೀಕ್ಷೆಗಳ ರೂಪದಲ್ಲಿ ಬೆಳೆಯಿತು. ರಾಷ್ಟ್ರೀಯ ಪ್ರತಿಭಾ ಶೋಧದ ಮೂಲರೂಪ 1963ರಲ್ಲಿ ಆರಂಭವಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹಿನ್ನೆಲೆಯಲ್ಲಿ ಗ್ರಾಮೀಣ ಪ್ರತಿಭಾವಂತರಿಗಾಗಿ ನವೋದಯ ವಿದ್ಯಾಲಯಗಳು ಬಂದವು. ಬೆಳಗಾವಿ ಜಿಲ್ಲೆಯಲ್ಲಿ ಚಿಕ್ಕೋಡಿ ಭಾಗದ ಕೋಥಳಿಯಲ್ಲಿ ಇಂತಹ ವಿದ್ಯಾಲಯವಿದೆ. ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ನಡೆಯುತ್ತದೆ. ಒಂದು ವಿದ್ಯಾಲಯಕ್ಕೆ ಹೆಚ್ಚೆಂದರೆ 80 ಸ್ಥಾನಗಳು, ಅವುಗಳಲ್ಲಿ ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ ಮೀಸಲು. ಇಲ್ಲಿ ಆಯ್ಕೆಯಾದವರ ಸಂಖ್ಯೆಯು ಸ್ಥಾನಗಳ ಸಂಖ್ಯೆಯನ್ನು ಹೇಳುತ್ತದೆಯೇ ಹೊರತು ಜಿಲ್ಲೆಯ ಪ್ರತಿಭಾವಂತರ ಸಂಖ್ಯೆಯನ್ನು ಹೇಳುವುದಿಲ್ಲ. ಎಂಬತ್ತೊಂದನೆಯ ಮಗುವೂ ಊರಿನ ಶಾಲೆಯಲ್ಲಿಯೇ ಓದು ಮುಂದುವರಿಸುತ್ತದೆ. ಬೆಂಗಳೂರಿನ ನ್ಯಾಷನಲ್ ಇನ್ಸ್‌ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್ ಸಂಸ್ಥೆಯು ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ವಿಧಾನಗಳ ಬಗ್ಗೆ ಸಂಶೋಧನೆ ನಡೆಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಶೇಷ ಪ್ರತಿಭೆಯ ಮಕ್ಕಳಿಗೆ ಬೆಂಬಲ ನೀಡಬೇಕೆಂದು ಹೇಳಿದೆ.

ವಿವಾದಗಳು

ಉತ್ತಮ ಗುಣದವರು ಹೆಚ್ಚು ಮಕ್ಕಳನ್ನು ಪಡೆಯಬೇಕು, ಕೀಳು ಗುಣದವರೆನಿಸಿದವರ ಸಂತಾನವನ್ನು ತಡೆಯಬೇಕು ಎಂಬ ಸುಜನನವಾದವನ್ನು ಟರ್ಮನ್ ಬೆಂಬಲಿಸಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1909ರಲ್ಲಿಯೇ ಬಲವಂತದ ಸಂತಾನಶಕ್ತಿಹರಣದ ಕಾಯಿದೆ ಜಾರಿಗೆ ಬಂದಿತ್ತು. ಅದರ ಅಡಿಯಲ್ಲಿ ಕಾಲಕ್ರಮದಲ್ಲಿ ಸುಮಾರು 20,000 ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಈ ಕಾಯಿದೆಯನ್ನು ಸಮರ್ಥಿಸುತ್ತಿದ್ದ ಹ್ಯೂಮನ್ ಬೆಟರ್‌ಮೆಂಟ್ ಫೌಂಡೇಶನ್ ಎಂಬ ಸಂಸ್ಥೆಯೊಂದಿಗೆ ಟರ್ಮನ್ ಅವರಿಗೆ ಸಂಬಂಧವಿತ್ತು. 1916ರ ಗ್ರಂಥದಲ್ಲಿ ಅವರು ಮೆಕ್ಸಿಕನ್, ಮೂಲನಿವಾಸಿ ಹಾಗೂ ಕಪ್ಪುವರ್ಣೀಯ ಕುಟುಂಬಗಳಲ್ಲಿ ಮಂದಬುದ್ಧಿ ಸಾಮಾನ್ಯವೆಂದೂ ಅದು ಜನಾಂಗಗತವೆಂದೂ ಬರೆದಿದ್ದರು. ಬಡತನ, ಭಾಷೆ, ಶಾಲೆಯ ಗುಣಮಟ್ಟಗಳನ್ನು ಗಣನೆಗೆ ತೆಗೆದುಕೊಳ್ಳದೆ ಮಾಡಿದ ಈ ತೀರ್ಮಾನಗಳಿಗೆ ವೈಜ್ಞಾನಿಕ ಆಧಾರವಿರಲಿಲ್ಲ. ಇಳಿವಯಸ್ಸಿನಲ್ಲಿ ಅವರ ನಿಲುವು ಸ್ವಲ್ಪ ಮೃದುವಾಯಿತಾದರೂ ಹಿಂದೆ ಬರೆದುದನ್ನು ಬಹಿರಂಗವಾಗಿ ಸಂಪೂರ್ಣ ಹಿಂತೆಗೆದುಕೊಳ್ಳಲಿಲ್ಲ.

ಇದರ ಪರಿಣಾಮ ಪುಸ್ತಕಕ್ಕೆ ಸೀಮಿತವಾಗಿರಲಿಲ್ಲ. ಬುದ್ಧಿಲಬ್ಧದ ಅಂಕವನ್ನು ಆಧರಿಸಿ ಕಪ್ಪುವರ್ಣೀಯ ಮಕ್ಕಳನ್ನು ಮಂದಬುದ್ಧಿಯವರ ತರಗತಿಗಳಿಗೆ ಕಳುಹಿಸುವ ಪದ್ಧತಿ ಕ್ಯಾಲಿಫೋರ್ನಿಯಾದಲ್ಲಿ ಅನೇಕ ದಶಕ ನಡೆಯಿತು. 1979ರಲ್ಲಿ ಲ್ಯಾರಿ ಪಿ. ಪ್ರಕರಣದಲ್ಲಿ ನ್ಯಾಯಾಲಯವು ಇದನ್ನು ತಾರತಮ್ಯವೆಂದು ತೀರ್ಪಿತ್ತು ತಡೆಯಿತು.

ನಿಧನ ಮತ್ತು ಪರಂಪರೆ

ಟರ್ಮನ್ ಅವರು 1956ರ ಡಿಸೆಂಬರ್ 21ರಂದು ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು. ಅವರ ಅಧ್ಯಯನದ ಐದನೆಯ ಸಂಪುಟವನ್ನು ಸಹೋದ್ಯೋಗಿ ಮೆಲಿಟಾ ಓಡೆನ್ ಅವರು ಪೂರ್ಣಗೊಳಿಸಿ 1959ರಲ್ಲಿ ಪ್ರಕಟಿಸಿದರು. ಮಗ ಫ್ರೆಡರಿಕ್ ಟರ್ಮನ್ ಸ್ಟ್ಯಾನ್‌ಫೋರ್ಡಿನಲ್ಲಿ ಇಂಜಿನಿಯರಿಂಗ್ ವಿಭಾಗದ ಡೀನ್ ಆಗಿ, ಸಿಲಿಕಾನ್ ಕಣಿವೆಯ ಜನಕರಲ್ಲೊಬ್ಬರೆಂದು ಹೆಸರಾದರು. ಪಾಲೋ ಆಲ್ಟೋ ನಗರದಲ್ಲಿ ಟರ್ಮನ್ ಹೆಸರು ಹೊತ್ತಿದ್ದ ಮಾಧ್ಯಮಿಕ ಶಾಲೆಯ ಹೆಸರನ್ನು, ಸುಜನನವಾದದೊಂದಿಗಿನ ನಂಟಿನ ಕಾರಣದಿಂದ 2018ರಲ್ಲಿ ಬದಲಾಯಿಸಲಾಯಿತು. ಅವರು ರೂಪಿಸಿದ ಮಾಪನದ ಐದನೆಯ ಆವೃತ್ತಿ 2003ರಲ್ಲಿ ಹೊರಬಂದಿದೆ.

ಪ್ರಮುಖ ಕೃತಿಗಳು

ದಿ ಮೆಷರ್‌ಮೆಂಟ್ ಆಫ್ ಇಂಟೆಲಿಜೆನ್ಸ್ (1916)
ಜೆನೆಟಿಕ್ ಸ್ಟಡೀಸ್ ಆಫ್ ಜೀನಿಯಸ್, ಐದು ಸಂಪುಟಗಳು (1925–1959). ಎರಡನೆಯ ಸಂಪುಟದ ಮುಖ್ಯ ಲೇಖಕಿ ಕ್ಯಾಥರಿನ್ ಕಾಕ್ಸ್
ಸೆಕ್ಸ್ ಆ್ಯಂಡ್ ಪರ್ಸನಾಲಿಟಿ (1936), ಕ್ಯಾಥರಿನ್ ಕಾಕ್ಸ್ ಮೈಲ್ಸ್ ಅವರೊಂದಿಗೆ
ಮೆಷರಿಂಗ್ ಇಂಟೆಲಿಜೆನ್ಸ್ (1937), ಮಾಡ್ ಮೆರಿಲ್ ಅವರೊಂದಿಗೆ
ಸೈಕಲಾಜಿಕಲ್ ಫ್ಯಾಕ್ಟರ್ಸ್ ಇನ್ ಮ್ಯಾರಿಟಲ್ ಹ್ಯಾಪಿನೆಸ್ (1938)